ಜರ್ಮನಿಯಿಂದ ಬಳಸಿದ ಕಾರ್ಬನ್ ರೇಸ್ ಸೈಕಲ್ ತರಿಸುವುದು: ಪರವಾನಗಿ, ಸುಂಕ ಮತ್ತು ಫ್ರೇಮಿನ ಪರೀಕ್ಷೆ

ಪ್ರಶ್ನೆ: ಗುಮ್ಮಟನಗರಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಪಿಯುಸಿ ಎರಡನೆಯ ವರ್ಷದಲ್ಲಿ ಓದುತ್ತಿರುವ ನನ್ನ ಮಗಳು ರಸ್ತೆ ಸೈಕ್ಲಿಂಗ್‌ನಲ್ಲಿ ರಾಜ್ಯ ಮಟ್ಟದ ಸ್ಪರ್ಧೆಗಳಿಗೆ ಹೋಗುತ್ತಿದ್ದಾಳೆ. ಸೈಕಲ್ ಸವಾರರ ಊರೆಂದು ವಿಜಯಪುರಕ್ಕೆ ಮೊದಲಿನಿಂದಲೂ ಹೆಸರಿರುವುದರಿಂದ ಇಲ್ಲಿ ತರಬೇತಿಗೂ ಜೊತೆಗಾರರಿಗೂ ಕೊರತೆಯಿಲ್ಲ. ಕೊರತೆಯಿರುವುದು ಒಳ್ಳೆಯ ಸೈಕಲ್ಲಿಗೆ. ಈಗ ಅವಳು ಓಡಿಸುತ್ತಿರುವುದು ಹಲವರ ಕೈ ದಾಟಿ ಬಂದ ಅಲ್ಯೂಮಿನಿಯಂ ಫ್ರೇಮಿನ ಸೈಕಲ್. ಕಾರ್ಬನ್ ಫ್ರೇಮಿನ ಹೊಸದನ್ನು ಕೊಡಿಸೋಣವೆಂದು ಬೆಂಗಳೂರಿನ ಅಂಗಡಿಗಳಲ್ಲಿ ವಿಚಾರಿಸಿದರೆ, ನಾನು ಅಂದುಕೊಂಡಿದ್ದ ಎರಡೂವರೆ ಲಕ್ಷ ರೂಪಾಯಿಯಲ್ಲಿ ಶಿಮಾನೊ ಅಲ್ಟೆಗ್ರಾ ದರ್ಜೆಯ ಗೇರ್ ಇರುವುದು ಸಿಗಲಿಲ್ಲ.

ನನ್ನ ಅಕ್ಕನ ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿನ ಜಾಹೀರಾತು ತಾಣವೊಂದರಲ್ಲಿ ಅವನು 2018ರ ಕ್ಯಾನ್ಯನ್ ಅಲ್ಟಿಮೇಟ್ ಸಿಎಫ್ ಎಸ್‌ಎಲ್‌ಎಕ್ಸ್ ಮಾದರಿಯ ರೇಸ್ ಸೈಕಲ್ ಒಂದನ್ನು ಗುರುತಿಸಿದ್ದಾನೆ. ಅಳತೆ ಎಸ್, ಗೇರ್ ಅಲ್ಟೆಗ್ರಾ ಆರ್8000, ರಿಮ್ ಬ್ರೇಕ್, ಕಾರ್ಬನ್ ಚಕ್ರಗಳು. ಮಾರುವವರು ಖಾಸಗಿ ವ್ಯಕ್ತಿ, ಬೆಲೆ 1,700 ಯೂರೊ. ಚಿತ್ರಗಳಲ್ಲಿ ಸೈಕಲ್ ಹೊಸದರಂತೆ ಕಾಣುತ್ತದೆ. ಇಲ್ಲಿ ಹೊಸದಕ್ಕೆ ಕೊಡುವ ಹಣದ ಅರ್ಧಕ್ಕೂ ಕಡಿಮೆಯಲ್ಲಿ ಮುಗಿಯುತ್ತದಲ್ಲವೇ ಎಂಬುದು ಅವನ ವಾದ. ಕೊರಿಯರ್‌ನವರನ್ನು ಕೇಳಿದರೆ ಸಾಗಣೆಗೆ ಸುಮಾರು 300 ಯೂರೊ ಎನ್ನುತ್ತಾರೆ, ಆದರೆ ಸುಂಕದ ವಿಷಯಕ್ಕೆ ಬಂದರೆ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಾರೆ. ಪೆಟ್ಟಿಗೆಯ ಮೇಲೆ ಉಡುಗೊರೆ ಎಂದು ಬರೆದರೆ ಸಾಕೆಂದವರೂ ಇದ್ದಾರೆ.

ಬಳಸಿದ ಸೈಕಲ್ಲನ್ನು ಹೀಗೆ ತರಿಸುವುದಕ್ಕೆ ಕಾನೂನಿನ ಅಡ್ಡಿಯೇನಾದರೂ ಇದೆಯೇ, ಎಲ್ಲ ಸೇರಿ ಮನೆ ಬಾಗಿಲಿಗೆ ಎಷ್ಟು ಬೀಳುತ್ತದೆ, ಮತ್ತು ಕೈಯಲ್ಲಿ ಮುಟ್ಟಿ ನೋಡಲಾಗದ ಕಾರ್ಬನ್ ಫ್ರೇಮನ್ನು ನಂಬುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಮಗಳ ಎತ್ತರ 162 ಸೆಂಟಿಮೀಟರ್.

ಉತ್ತರ: ಲೆಕ್ಕದ ಮನೆ, ಬೆಳಗಾವಿ

ಸರ್, ಎಲ್ಲರೂ ಸುಂಕದಿಂದ ಲೆಕ್ಕ ಶುರುಮಾಡುತ್ತಾರೆ, ಆದರೆ ನಿಮ್ಮ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಅನುಮತಿ. ವಿದೇಶ ವ್ಯಾಪಾರ ನೀತಿ 2023ರ ಪ್ಯಾರಾ 2.31ರ ಪ್ರಕಾರ, ಯಂತ್ರೋಪಕರಣಗಳಂತಹ ಬಂಡವಾಳ ಸರಕುಗಳನ್ನು ಬಿಟ್ಟು ಉಳಿದ ಯಾವುದೇ ಬಳಸಿದ ವಸ್ತುವಿನ ಆಮದು 'ನಿರ್ಬಂಧಿತ' ವರ್ಗಕ್ಕೆ ಸೇರುತ್ತದೆ, ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಮುಂಗಡವಾಗಿ ಆಮದು ಪರವಾನಗಿ ಪಡೆದ ಮೇಲೆಯೇ ತರಿಸಬೇಕು. ಹೊಸ ಸೈಕಲ್ಲಿಗೆ ಈ ಪರವಾನಗಿಯ ಮಾತಿಲ್ಲ, ಬಳಸಿದ್ದಕ್ಕೆ ಇದೆ. ಇದಕ್ಕೆ ಎಎನ್‌ಎಫ್-2ಎಂ ಎಂಬ ನಮೂನೆಯಲ್ಲಿ ಆನ್‌ಲೈನ್ ಅರ್ಜಿ ಹಾಕಬೇಕು, ಅದು ದೆಹಲಿಯ ಸಮಿತಿಯ ಮುಂದೆ ಹೋಗಬೇಕು. ಒಂದು ಸೈಕಲ್ಲಿಗಾಗಿ ಒಬ್ಬ ತಂದೆ ಈ ದಾರಿಯಲ್ಲಿ ನಡೆಯುವುದು ಕಾನೂನಿನಲ್ಲಿ ಸಾಧ್ಯ, ವ್ಯವಹಾರದಲ್ಲಿ ಅಷ್ಟು ಸುಲಭವಲ್ಲ, ಮತ್ತು ಪರವಾನಗಿ ಬರುವವರೆಗೆ ಆ ಜರ್ಮನ್ ಮಾರಾಟಗಾರರು ಕಾಯುತ್ತಾ ಕೂರುವುದೂ ಇಲ್ಲ.

ಪರವಾನಗಿ ಇಲ್ಲದೆ ಬಂದ ನಿರ್ಬಂಧಿತ ಸರಕನ್ನು ಕಸ್ಟಮ್ಸ್ ಕಾಯ್ದೆಯ 111(ಡಿ) ಕಲಮಿನಡಿ ಮುಟ್ಟುಗೋಲು ಹಾಕಿಕೊಳ್ಳಬಹುದು. 112ನೆಯ ಕಲಮಿನಡಿ ದಂಡ ಬೇರೆ. 125ನೆಯ ಕಲಮಿನಡಿ ಬಿಡುಗಡೆ ದಂಡ ಕಟ್ಟಿಸಿಕೊಂಡು ಸರಕು ಬಿಟ್ಟುಕೊಡುವ ಅವಕಾಶವೂ ಉಂಟು. 'ದಂಡ ಕಟ್ಟಿ ಬಿಡಿಸಿಕೊಂಡರಾಯಿತು' ಎಂದು ಕೆಲವು ಏಜೆಂಟರು ಹಗುರವಾಗಿ ಹೇಳುವುದು ಇದನ್ನೇ. ಅವರು ಹೇಳದೆ ಬಿಡುವ ಸಂಗತಿಯೆಂದರೆ, ಆ ದಂಡ ಎಷ್ಟೆಂಬುದು ಅಧಿಕಾರಿಯ ಆದೇಶ ಬರುವವರೆಗೆ ನಿಮಗೆ ತಿಳಿಯುವುದಿಲ್ಲ, ಅಲ್ಲಿಯವರೆಗೆ ಗೋದಾಮಿನ ಬಾಡಿಗೆ ದಿನದಿನಕ್ಕೂ ಏರುತ್ತಿರುತ್ತದೆ. ಇನ್ನು ಉಡುಗೊರೆಯ ದಾರಿ 2019ರ ಡಿಸೆಂಬರ್‌ನಲ್ಲೇ ಮುಚ್ಚಿದೆ: ಜೀವರಕ್ಷಕ ಔಷಧ ಮತ್ತು ರಾಖಿಯನ್ನು ಬಿಟ್ಟರೆ, ಅಂಚೆ ಅಥವಾ ಕೊರಿಯರ್ ಮೂಲಕ ಸುಂಕವಿಲ್ಲದೆ ಉಡುಗೊರೆ ತರಿಸುವ ಹಳೆಯ ಸೌಲಭ್ಯ ಈಗಿಲ್ಲ. ಬೆಲೆ ಕಡಿಮೆ ಬರೆಸುವುದು ಇನ್ನೂ ಕೆಟ್ಟ ಸಲಹೆ. ಜಾಹೀರಾತಿನ ತಾಣಗಳನ್ನು ಅಧಿಕಾರಿಗಳೂ ನೋಡಬಲ್ಲರು.

ಹಣದ ಲೆಕ್ಕಕ್ಕೆ ಬರೋಣ. ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ ಸೈಕಲ್ ಬರುವುದು 8712ನೆಯ ಶೀರ್ಷಿಕೆಯಡಿ. 2023ರ ಬಜೆಟ್‌ನಲ್ಲಿ ಇದರ ಮೂಲ ಸುಂಕ ಶೇ 30ರಿಂದ 35ಕ್ಕೆ ಏರಿತು. ಸುಂಕ ಮತ್ತು ಸೆಸ್‌ಗಳ ಹಂಚಿಕೆ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ, ಆ ದಿನದ ದರವನ್ನು ಕಸ್ಟಮ್ಸ್ ಇಲಾಖೆಯ ಐಸ್‌ಗೇಟ್ ತಾಣದಲ್ಲಿ ನೋಡಿಕೊಂಡೇ ಮುಂದುವರಿಯಬೇಕು. ಉದಾಹರಣೆಗಾಗಿ ನಾನು ಒಟ್ಟು ಶೇ 35 ಎಂದೂ ಯೂರೊಗೆ 100 ರೂಪಾಯಿ ಎಂದೂ ಹಿಡಿಯುತ್ತೇನೆ. ಸುಂಕ ಬೀಳುವುದು ಸೈಕಲ್ಲಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತದ ಮೇಲೆ. ಬೆಲೆ 1,70,000, ಸಾಗಣೆ 30,000, ವಿಮೆಯ ಚೀಟಿ ಇಲ್ಲದಿದ್ದರೆ ನಿಯಮದಂತೆ ಬೆಲೆಯ ಶೇ 1.125, ಎಲ್ಲ ಸೇರಿ ಸುಮಾರು 2,02,000. ಇದರ ಶೇ 35 ಎಂದರೆ 70,700. ಇವೆರಡರ ಮೊತ್ತದ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ. ಸೈಕಲ್ಲಿಗೆ ಇದು 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿರುವುದೊಂದೇ ಸಮಾಧಾನದ ಸಂಗತಿ, ಸುಮಾರು 13,600. ಹೀಗೆ 2,86,000 ದಾಟಿತು. ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ, ಮುಂಬೈ ಅಥವಾ ಬೆಂಗಳೂರಿನಿಂದ ವಿಜಯಪುರಕ್ಕೆ ಸಾಗಣೆ, ಬಿಚ್ಚಿದ ಸೈಕಲ್ಲನ್ನು ಮತ್ತೆ ಜೋಡಿಸಿಕೊಡುವ ಮೆಕ್ಯಾನಿಕ್‌ನ ಕೂಲಿ ಇದರಲ್ಲಿ ಸೇರಿಲ್ಲ. ನಿಮ್ಮ ಎರಡೂವರೆ ಲಕ್ಷ ಈ ಹಂತದಲ್ಲೇ ಹಿಂದೆ ಉಳಿಯಿತು, ಮುಟ್ಟುಗೋಲಿನ ಅಪಾಯ ಮಾತ್ರ ಹಾಗೆಯೇ ಇದೆ.

ಸಣ್ಣದೊಂದು ಸಂಗತಿ ನಿಮ್ಮ ಪರವಾಗಿದೆ. ವಿಮಾನದ ಸಾಗಣೆ ವೆಚ್ಚ ಎಷ್ಟೇ ಆದರೂ ಸುಂಕದ ಲೆಕ್ಕಕ್ಕೆ ಅದನ್ನು ಬೆಲೆಯ ಶೇ 20ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಸ್ವಂತ ಬಳಕೆಯ ವಸ್ತುವಿಗೆ ಆಮದು-ರಫ್ತು ಸಂಕೇತ ಸಂಖ್ಯೆಯೂ ಬೇಕಿಲ್ಲ, ಗುರುತಿನ ದಾಖಲೆಗಳು ಸಾಕು. ಜರ್ಮನಿಯ ಕಡೆ ನೋಡಿದರೆ, 1,000 ಯೂರೊ ಮೀರಿದ ಸರಕನ್ನು ಐರೋಪ್ಯ ಒಕ್ಕೂಟದ ಹೊರಗೆ ಕಳುಹಿಸಲು ಅಲ್ಲಿ ರಫ್ತು ಘೋಷಣೆ ಸಲ್ಲಿಸಬೇಕು; ನಿಮ್ಮ ಅಳಿಯ ಅದನ್ನು ಮರೆತರೆ ಪೆಟ್ಟಿಗೆ ಅಲ್ಲೇ ನಿಲ್ಲುತ್ತದೆ.

ಉತ್ತರ: ಪಾನಾ ಪೆಟ್ಟಿಗೆ, ಬಾಗಲಕೋಟೆ

ಬೆಳಗಾವಿಯವರು ಕಾನೂನು ಹೇಳಿದ್ದಾರೆ, ನಾನು ಸೈಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ನೀವು ಬರೆದ ವಿವರ ಓದುತ್ತಿದ್ದಂತೆ ನನ್ನ ಕಣ್ಣು ನಿಂತದ್ದು ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ತೋಳಿನ ಮೇಲೆ. 2018ರ ಅಲ್ಟೆಗ್ರಾ ಆರ್8000 ಎಂದರೆ ಅದರ ಕ್ರ್ಯಾಂಕ್ ಎಫ್‌ಸಿ-ಆರ್8000 ಆಗಿರುವ ಸಾಧ್ಯತೆಯೇ ಹೆಚ್ಚು. ಎರಡು ಲೋಹದ ಭಾಗಗಳನ್ನು ಅಂಟಿನಿಂದ ಕೂಡಿಸಿ ಒಳಗೆ ಟೊಳ್ಳಾಗಿ ಮಾಡಿದ ಈ ಕ್ರ್ಯಾಂಕುಗಳಲ್ಲಿ ಅಂಟು ಬಿಟ್ಟು ತೋಳು ಮುರಿಯುವ ದೂರುಗಳು ಬಂದದ್ದರಿಂದ, 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದ 11 ಸ್ಪೀಡಿನ ಅಲ್ಟೆಗ್ರಾ ಮತ್ತು ಡ್ಯೂರಾ-ಏಸ್ ಕ್ರ್ಯಾಂಕುಗಳನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಬದಲಿಸಿಕೊಡುವುದಾಗಿ ಶಿಮಾನೊ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಎಫ್‌ಸಿ-6800, ಎಫ್‌ಸಿ-9000, ಎಫ್‌ಸಿ-ಆರ್8000, ಎಫ್‌ಸಿ-ಆರ್9100 ಮತ್ತು ಎಫ್‌ಸಿ-ಆರ್9100ಪಿ ಆ ಪಟ್ಟಿಯಲ್ಲಿವೆ. ತೋಳಿನ ಒಳಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳ ತಯಾರಿಕಾ ಸಂಕೇತ ಒತ್ತಿರುತ್ತಾರೆ. ಅದರ ಚಿತ್ರವನ್ನು ತರಿಸಿಕೊಂಡು ಕಂಪನಿಯ ತಾಣದಲ್ಲಿ ಕೊಟ್ಟ ಪಟ್ಟಿಯೊಂದಿಗೆ ಹೋಲಿಸಿರಿ. ಮಾರುವವರು ಆ ಪರೀಕ್ಷೆ ಮಾಡಿಸಿದ್ದರೆ ಅಂಗಡಿಯ ಚೀಟಿ ಇರಬೇಕು. ಮಾಡಿಸಿಲ್ಲವೆಂದರೆ, ಜರ್ಮನಿಯಲ್ಲಿರುವಾಗಲೇ ಅಲ್ಲಿನ ಶಿಮಾನೊ ಡೀಲರ್ ಬಳಿ ಮಾಡಿಸಿದ ಮೇಲೆಯೇ ಹಣದ ಮಾತು. ಸ್ಪ್ರಿಂಟ್ ಹೊಡೆಯುವಾಗ ಕ್ರ್ಯಾಂಕ್ ತೋಳು ಕೈಕೊಟ್ಟರೆ ಬೀಳುವುದು ಮುಖ ಕೆಳಗಾಗಿಯೇ.

ಎರಡನೆಯದು ಅಳತೆ. ಕ್ಯಾನ್ಯನ್‌ನ ಎಸ್, ಬೇರೆ ಹಲವು ಕಂಪನಿಗಳ ಎಸ್‌ಗಿಂತ ದೊಡ್ಡದು. 162 ಸೆಂಟಿಮೀಟರ್ ಎತ್ತರದ ಹುಡುಗಿಗೆ ಎಕ್ಸ್‌ಎಸ್ ಹತ್ತಿರವಾಗುತ್ತದೆಯೇ ಹೊರತು ಎಸ್ ಅಲ್ಲ ಎಂಬುದು ನನ್ನ ಅಂದಾಜು. ಆದರೆ ಅಂದಾಜನ್ನು ನಂಬಿ ಕೊಳ್ಳಬೇಡಿ, ಅಕ್ಷರಗಳನ್ನೂ ನಂಬಬೇಡಿ. ಫ್ರೇಮಿನ ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಅಂಕಿಗಳಿರುತ್ತವೆ: ಕ್ರ್ಯಾಂಕ್ ತಿರುಗುವ ಬಾಟಮ್ ಬ್ರಾಕೆಟ್ಟಿನ ನಡುವಿನಿಂದ, ಹ್ಯಾಂಡಲ್ ಕೆಳಗಿನ ಕೊಳವೆಯಾದ ಹೆಡ್ ಟ್ಯೂಬಿನ ಮೇಲ್ತುದಿ ಎಷ್ಟು ಎತ್ತರದಲ್ಲಿದೆ, ಎಷ್ಟು ಮುಂದಿದೆ ಎಂಬುದನ್ನು ಅವು ಹೇಳುತ್ತವೆ. ಮಗಳ ಈಗಿನ ಸೈಕಲ್ ಮೇಲೆ ಅವಳು ನೋವಿಲ್ಲದೆ ಕೂರುತ್ತಾಳೆಂದರೆ ಅದರ ಈ ಎರಡು ಅಳತೆ ತೆಗೆದು, ಕಂಪನಿಯ 2018ರ ಪಟ್ಟಿಯೊಂದಿಗೆ ಹೋಲಿಸಿರಿ. ಸಾಮಾನ್ಯ ಸೈಕಲ್ಲಾದರೆ ಅಲ್ಪಸ್ವಲ್ಪ ವ್ಯತ್ಯಾಸವನ್ನು ಹ್ಯಾಂಡಲ್ಲನ್ನು ಹಿಡಿದಿಡುವ ಸ್ಟೆಮ್ ಗಿಡ್ಡದು ಹಾಕಿ ಸರಿದೂಗಿಸಬಹುದಿತ್ತು. ಈ ಮಾದರಿಯಲ್ಲಿ ಹ್ಯಾಂಡಲ್ ಮತ್ತು ಸ್ಟೆಮ್ ಒಂದೇ ಕಾರ್ಬನ್ ತುಂಡಾಗಿರುವುದು ಸಾಮಾನ್ಯ, ಹಾಗಿದ್ದರೆ ಇಡೀ ತುಂಡನ್ನೇ ಬದಲಿಸಬೇಕು. ಅದನ್ನು ಬಾಗಲಕೋಟೆಯಲ್ಲಾಗಲಿ ವಿಜಯಪುರದಲ್ಲಾಗಲಿ ಹುಡುಕಿ ಪ್ರಯೋಜನವಿಲ್ಲ.

ಕಾರ್ಬನ್ ಪರೀಕ್ಷೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಉಕ್ಕು ಬಾಗಿ ಎಚ್ಚರಿಸುತ್ತದೆ, ಅಲ್ಯೂಮಿನಿಯಂ ನೆಗ್ಗುತ್ತದೆ. ಕಾರ್ಬನ್ ಮಾತ್ರ ಒಳಗೆ ಪದರ ಬಿಟ್ಟಿದ್ದರೂ ಹೊರಗೆ ಬಣ್ಣ ಹೊಳೆಯುತ್ತಿರಬಹುದು. ನಿಮ್ಮ ಅಳಿಯ ಸೈಕಲ್ ಇರುವಲ್ಲಿಗೇ ಹೋಗಿ, ಅದನ್ನು ತೊಳೆಸಿ, ಚಕ್ರ ತೆಗೆಸಿ, ಮೊಬೈಲ್ ಟಾರ್ಚನ್ನು ಫ್ರೇಮಿಗೆ ಓರೆಯಾಗಿ ಹಿಡಿದು ನೋಡಬೇಕು. ಹೆಡ್ ಟ್ಯೂಬಿನ ಸುತ್ತ, ಮುಂಚಕ್ರ ಹಿಡಿಯುವ ಫೋರ್ಕಿನ ಭುಜದ ಕೆಳಗೆ, ಬಾಟಮ್ ಬ್ರಾಕೆಟ್ ಕೂಡುವಲ್ಲಿ, ಚೈನ್ ಬಡಿಯುವ ಹಿಂಬದಿಯ ಕೊಳವೆಯಲ್ಲಿ ಮತ್ತು ಸೀಟ್‌ಪೋಸ್ಟ್ ಬಿಗಿಯುವ ಜಾಗದಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಹುಡುಕಬೇಕು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋದಾಗ ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಮಂಕಾದರೆ ಅಲ್ಲಿ ಅನುಮಾನ ಪಡಬೇಕು. ಆದರೆ ಕೊಳವೆಯ ದಪ್ಪ ಬದಲಾದಲ್ಲೂ ಸದ್ದು ಬದಲಾಗುವುದರಿಂದ ಇದನ್ನೇ ತೀರ್ಪೆಂದು ತಿಳಿಯಬಾರದು. ಫೋರ್ಕನ್ನು ಕೆಳಗಿಳಿಸಿ ಸ್ಟೆಮ್ ಹಿಡಿಯುವ ಕಾರ್ಬನ್ ದಂಡವನ್ನು ತೋರಿಸಿರೆಂದು ಕೇಳಬೇಕು. ಇದಕ್ಕೆ ಒಪ್ಪದ ಮಾರಾಟಗಾರರನ್ನು ಅಲ್ಲಿಗೇ ಬಿಡಿ. ಮನೆಯೊಳಗೆ, ನಿಂತಲ್ಲೇ ಓಡಿಸುವ ಟ್ರೇನರ್ ಮೇಲೆ ಓಡಿಸಿದ ಸೈಕಲ್ಲಾದರೆ ಕಿಲೋಮೀಟರ್ ಕಡಿಮೆ ಎಂದು ಹಿಗ್ಗಬೇಡಿ. ಬೆವರಿನ ಉಪ್ಪು, ಹ್ಯಾಂಡಲ್ ತಿರುಗುವ ಹೆಡ್‌ಸೆಟ್ಟಿನ ಬೇರಿಂಗ್ ಮತ್ತು ಬೋಲ್ಟುಗಳನ್ನು ತಿಂದಿರುತ್ತದೆ. ಅಲ್ಟ್ರಾಸೌಂಡ್ ಯಂತ್ರದಿಂದ ಫ್ರೇಮ್ ಪರೀಕ್ಷಿಸುವವರು ಜರ್ಮನಿಯಲ್ಲಿದ್ದಾರೆ, ಈ ಬೆಲೆಯ ಸೈಕಲ್ಲಿಗೆ ಆ ಖರ್ಚು ವ್ಯರ್ಥವಲ್ಲ.

ಚಕ್ರಗಳ ಬಗ್ಗೆಯೂ ಒಂದು ಮಾತು. ರಿಮ್ ಬ್ರೇಕಿನ ಕಾರ್ಬನ್ ಚಕ್ರದಲ್ಲಿ ಬ್ರೇಕ್ ಉಜ್ಜುವ ಅಂಚೇ ಸವೆಯುತ್ತದೆ, ಸವೆದರೆ ರಿಮ್ ಮುಗಿದಂತೆ. ಆ ಕಾಲದ ಹಲವು ರೇಸ್ ಫ್ರೇಮ್‌ಗಳಿಗೆ ಅಗಲವಾದ ಟೈರ್ ಹಿಡಿಸುವುದೂ ಇಲ್ಲ. ನಮ್ಮಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಜಮಖಂಡಿ, ಮುಧೋಳದ ಕಡೆಯ ರಸ್ತೆಗಳ ಅಂಚು ಟ್ರ್ಯಾಕ್ಟರ್ ಟ್ರೇಲರ್‌ಗಳ ಭಾರಕ್ಕೆ ಕಿತ್ತುಬರುತ್ತದೆ, ಹೊಲದ ಬದಿಯಲ್ಲೆಲ್ಲ ಜಾಲಿ ಮುಳ್ಳು. ಇಲ್ಲಿ ತರಬೇತಿ ಮಾಡುವವರಿಗೆ 28 ಮಿಲಿಮೀಟರ್ ಟೈರ್ ಸಲೀಸಾಗಿ ಕೂರುವ ಫ್ರೇಮ್ ಬೇಕೆಂಬುದು ನನ್ನ ಹಟ.

ಒಟ್ಟಿನಲ್ಲಿ ಈ ಸೈಕಲ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನಿಮ್ಮ ಮಗಳದ್ದಲ್ಲ ಎನ್ನುತ್ತಿದ್ದೇನೆ.

ಮರುಪ್ರಶ್ನೆ: ಗುಮ್ಮಟನಗರಿ, ವಿಜಯಪುರ

ಇಬ್ಬರಿಗೂ ಕೃತಜ್ಞತೆಗಳು. ಅಳತೆಯ ವಿಷಯ ಓದಿ ಈಗಿನ ಸೈಕಲ್ಲನ್ನು ಗೋಡೆಗೆ ಆನಿಸಿ ಅಳೆದೆವು. ಕಂಪನಿಯ ಪಟ್ಟಿಯ ಪ್ರಕಾರ ಎಸ್ ಅಳತೆಯ ರೀಚ್ ನಿಜಕ್ಕೂ ಅವಳಿಗೆ ಹೆಚ್ಚಾಗುತ್ತದೆ. ಹಾಗಾಗಿ ಈ ಸೈಕಲ್ಲನ್ನು ಬಿಡುತ್ತೇವೆ. ಆದರೆ ಅಳಿಯ ದೀಪಾವಳಿಗೆ ಊರಿಗೆ ಬರುವವನಿದ್ದಾನೆ. ಎಕ್ಸ್‌ಎಸ್ ಅಳತೆಯದು ಸಿಕ್ಕರೆ ಅವನು ತನ್ನ ಸಾಮಾನಿನ ಜೊತೆಗೇ ವಿಮಾನದಲ್ಲಿ ತಂದರೆ ಪರವಾನಗಿಯ ತೊಡಕು ತಪ್ಪುತ್ತದೆಯೇ? ಇಲ್ಲವೇ ಫ್ರೇಮ್ ಮಾತ್ರ ತರಿಸಿ, ಉಳಿದ ಭಾಗಗಳನ್ನು ಇಲ್ಲಿ ಜೋಡಿಸಬಹುದೇ?

ಉತ್ತರ: ಲೆಕ್ಕದ ಮನೆ, ಬೆಳಗಾವಿ

ಫ್ರೇಮ್ 8714ನೆಯ ಶೀರ್ಷಿಕೆಗೆ ಹೋಗುತ್ತದೆ, ದರ ಬೇರೆಯಾಗಬಹುದು. ಆದರೆ ಬಳಸಿದ ಫ್ರೇಮ್ ಕೂಡ ಬಳಸಿದ ಸರಕೇ, ಕೊರಿಯರ್‌ನಲ್ಲಿ ತರಿಸಿದರೆ ಅದೇ ಪರವಾನಗಿಯ ಪ್ರಶ್ನೆ ಏಳುತ್ತದೆ.

ಪ್ರಯಾಣಿಕರ ಸಾಮಾನಿನ ದಾರಿ ಇದಕ್ಕಿಂತ ಭಿನ್ನ. ಪ್ರಯಾಣಿಕರು ತಮ್ಮ ಅಥವಾ ತಮ್ಮ ಕುಟುಂಬದ ಬಳಕೆಗೆಂದು, ಇಲ್ಲವೇ ನಿಜವಾದ ಉಡುಗೊರೆಯಾಗಿ ತರುವ ವಸ್ತುಗಳನ್ನು ಕಸ್ಟಮ್ಸ್ ಕಾಯ್ದೆಯ 79ನೆಯ ಕಲಮು ಗುರುತಿಸುತ್ತದೆ, ಮತ್ತು ಅವುಗಳ ಸುಂಕವನ್ನು ಬ್ಯಾಗೇಜ್ ನಿಯಮಗಳು ನಿರ್ಧರಿಸುತ್ತವೆ. 2016ರ ನಿಯಮಗಳಲ್ಲಿ ಜರ್ಮನಿಯಂತಹ ದೇಶದಿಂದ ಮರಳುವ ಭಾರತೀಯರಿಗೆ ಸುಂಕರಹಿತ ಮಿತಿ 50,000 ರೂಪಾಯಿ ಎಂದಿತ್ತು. ಈ ಮೊತ್ತವನ್ನು ಸರ್ಕಾರ ಪರಿಷ್ಕರಿಸುತ್ತಿರುವುದರಿಂದ, ಅಳಿಯ ಇಳಿಯುವ ದಿನಕ್ಕೆ ಅನ್ವಯಿಸುವ ಮಿತಿಯನ್ನೂ ದರವನ್ನೂ ಪರೋಕ್ಷ ತೆರಿಗೆ ಮಂಡಳಿಯ ತಾಣದಲ್ಲಿ ನೋಡಿಕೊಳ್ಳಿ. ಮಿತಿಗಿಂತ ಹೆಚ್ಚಿನ ಮೌಲ್ಯಕ್ಕೆ ಮಾತ್ರ ಸುಂಕ. ಇಬ್ಬರು ಪ್ರಯಾಣಿಕರ ಮಿತಿಯನ್ನು ಕೂಡಿಸಿ ಒಂದೇ ವಸ್ತುವಿಗೆ ಬಳಸಲಾಗದು. ಅವನು ವಿಮಾನ ನಿಲ್ದಾಣದಲ್ಲಿ ಸುಂಕದ ವಸ್ತು ತಂದವರಿಗಿರುವ ಕೆಂಪು ದಾರಿಯಲ್ಲಿ ಬಂದು, ಖರೀದಿಯ ಚೀಟಿ ಮತ್ತು ಹಣ ಪಾವತಿಸಿದ ಬ್ಯಾಂಕ್ ದಾಖಲೆ ತೋರಿಸಿ, ಘೋಷಿಸಿಯೇ ತರಬೇಕು. ಸುಂಕ ಕಟ್ಟಿದ ರಸೀದಿಯನ್ನು ಸೈಕಲ್ ಇರುವವರೆಗೂ ಜೋಪಾನವಾಗಿಡಿ. ಇದು ನಿಮ್ಮ ಮಗಳ ಸಲುವಾಗಿ ಒಮ್ಮೆ ಮಾಡುವ ಕೆಲಸವಾದರೆ ಸರಿ. ಬರುವಾಗಲೆಲ್ಲ ಒಂದೊಂದು ಸೈಕಲ್ ತಂದರೆ ಅದನ್ನು ಯಾರೂ ಬ್ಯಾಗೇಜ್ ಎನ್ನುವುದಿಲ್ಲ.

ವಿಮಾನ ಕಂಪನಿಗೆ ಮುಂಚಿತವಾಗಿ ತಿಳಿಸಿ ಕ್ರೀಡಾ ಸಾಮಗ್ರಿಯೆಂದು ಬುಕ್ ಮಾಡಿಸುವುದನ್ನು ಮರೆಯಬಾರದು, ಏಕೆಂದರೆ ವಿಮಾನ ನಿಲ್ದಾಣದಲ್ಲಿ ನಿಂತು ಕಟ್ಟುವ ಶುಲ್ಕ ಬೇರೆಯೇ ಇರುತ್ತದೆ.

ಉತ್ತರ: ಕೃಷ್ಣೆಯ ದಂಡೆ, ಜಮಖಂಡಿ

ಗುಮ್ಮಟನಗರಿ ಅಣ್ಣಾವ್ರಿಗೆ ನಮಸ್ಕಾರ. ಕೆಲವು ವರ್ಷ ಸ್ಪರ್ಧೆಗಳಲ್ಲಿ ಓಡಿಸಿದವಳಾಗಿ ನನ್ನದೂ ಒಂದೆರಡು ಮಾತು. ಬಾಗಲಕೋಟೆಯವರು ರಿಮ್ ಬ್ರೇಕಿಗೆ ಅಷ್ಟು ಮುಖ ತಿರುಗಿಸಿದ್ದು ನನಗೆ ಒಪ್ಪಿಗೆಯಿಲ್ಲ. ನಮ್ಮದು ಬಯಲು ಸೀಮೆ, ಉದ್ದದ ಇಳಿಜಾರುಗಳಿಲ್ಲ. ರಿಮ್ ಬ್ರೇಕಿನ ಸೈಕಲ್ಲನ್ನು ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಹೊಂದಿಸಿಕೊಡುತ್ತಾರೆ, ಆದರೆ ಹೈಡ್ರಾಲಿಕ್ ಡಿಸ್ಕ್ ಬ್ರೇಕಿನಲ್ಲಿ ಗಾಳಿ ಸೇರಿಕೊಂಡರೆ ಎಣ್ಣೆ ಬದಲಿಸಲು ಬೇಕಾದ ಸಾಧನವೇ ಹಲವು ಕಡೆ ಇಲ್ಲ. ಕಾರ್ಬನ್ ರಿಮ್ ಬದಲು ಅಲ್ಯೂಮಿನಿಯಂ ರಿಮ್ಮಿನ ಒಂದು ಜೊತೆ ಚಕ್ರವನ್ನು ತರಬೇತಿಗೆ ಇಟ್ಟುಕೊಂಡರೆ ಸವೆತದ ಚಿಂತೆಯೂ ಇಲ್ಲ. ಎಲ್ಲರೂ ಡಿಸ್ಕ್ ಕಡೆ ಹೋಗುತ್ತಿರುವುದರಿಂದ ಒಳ್ಳೆಯ ರಿಮ್ ಬ್ರೇಕ್ ಸೈಕಲ್ಲುಗಳ ಬೆಲೆ ಇಳಿದಿದೆ, ಕೊಳ್ಳುವವರಿಗೆ ಅದು ಲಾಭವೇ.

ಆದರೆ ಜರ್ಮನಿಯವರೆಗೆ ಹೋಗುವ ಮೊದಲು ಸುತ್ತಮುತ್ತ ಏಕೆ ನೋಡಬಾರದು? ವಿಜಯಪುರದ ಕ್ರೀಡಾ ನಿಲಯ ಮತ್ತು ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯಲ್ಲಿ ಕಲಿತು, ರೈಲ್ವೆ ಮತ್ತು ಸೇನೆಯ ತಂಡಗಳಿಗೆ ಸೇರಿದವರು ಹೊಸ ಸೈಕಲ್ ಬಂದಾಗ ಹಳೆಯದನ್ನು ಮಾರುತ್ತಾರೆ. ಪುಣೆ ಮತ್ತು ಬೆಂಗಳೂರಿನಲ್ಲಿ ಹವ್ಯಾಸಕ್ಕೆಂದು ದುಬಾರಿ ಸೈಕಲ್ ಕೊಂಡು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೇಸತ್ತು ಮಾರುವವರೂ ಬಹಳ. ಟ್ರೆಕ್, ಜೈಂಟ್, ಸ್ಕಾಟ್‌ನಂತಹ ಹೆಸರಿನವು ಸಿಕ್ಕರೆ ಇಲ್ಲಿಯೇ ಡೀಲರ್‌ಗಳಿದ್ದಾರೆ, ಹಿಂದಿನ ಗೇರ್ ತೂಗುಬಿಡುವ ಡಿರೈಲರ್ ಹ್ಯಾಂಗರ್‌ನಂತಹ ಸಣ್ಣ ತುಂಡಿಗೆ ವಿದೇಶಕ್ಕೆ ಬರೆಯಬೇಕಾಗಿಲ್ಲ. ಫ್ರೇಮಿನ ಆಜೀವ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕರಿಗಷ್ಟೇ ಎಂಬುದು ಇಲ್ಲಿ ಕೊಂಡರೂ ಅಲ್ಲಿ ಕೊಂಡರೂ ಒಂದೇ. ಮುಖ್ಯವಾದದ್ದೆಂದರೆ, ಪುಣೆಯ ಸೈಕಲ್ಲನ್ನು ಮಗಳು ಸ್ವತಃ ಹೋಗಿ ಓಡಿಸಿ ನೋಡಬಹುದು. ಬಾಟಮ್ ಬ್ರಾಕೆಟ್ ಕೆಳಗಿನ ಕ್ರಮಸಂಖ್ಯೆಯನ್ನೂ ಮೂಲ ಬಿಲ್ಲನ್ನೂ ಕೇಳಿ ಪಡೆಯಿರಿ, ಏಕೆಂದರೆ ಕದ್ದ ಸೈಕಲ್ಲುಗಳು ಇಲ್ಲಿಯೂ ಕೈ ಬದಲಾಗುತ್ತವೆ.

ಎಲ್ಲಿ ಕೊಂಡರೂ ಫ್ರೇಮಿನ ಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ಅನುಮೋದನೆಯ ಚೀಟಿ ಇದೆಯೇ ನೋಡಿಕೊಳ್ಳಿ. 2011ರಿಂದ ಈಚೆಗೆ ಬಂದ ರೇಸ್ ಫ್ರೇಮ್‌ಗಳಿಗೆ ಆ ಗುರುತು ಬೇಕು, ಅಂತರರಾಷ್ಟ್ರೀಯ ನಿಯಮದಂತೆ ಸೈಕಲ್ಲಿನ ತೂಕವೂ 6.8 ಕಿಲೋಗ್ರಾಂಗಿಂತ ಕಡಿಮೆ ಇರುವಂತಿಲ್ಲ. ಅನುಮೋದನೆಯ ಚೀಟಿಯನ್ನು ಬಣ್ಣ ಹೊಡೆಸುವಾಗ ಅಳಿಸಿದ್ದರೆ ಆ ಫ್ರೇಮ್ ಒಮ್ಮೆ ಮುರಿದು ರಿಪೇರಿಯಾಗಿರಬಹುದು ಎಂದು ಅನುಮಾನಿಸುವುದಕ್ಕೂ ಕಾರಣ ಸಿಗುತ್ತದೆ. ಮಗಳ ಈಗಿನ ಸೈಕಲ್ಲಿನ ಸ್ಟ್ಯಾಕ್, ರೀಚ್, ಸೀಟಿನ ಎತ್ತರ ಇಲ್ಲಿ ಬರೆದರೆ, ಎಕ್ಸ್‌ಎಸ್ ಅಥವಾ 49, 50 ಸೆಂಟಿಮೀಟರ್ ಅಳತೆಯಲ್ಲಿ ಪುಣೆಯ ಪರಿಚಯದವರ ಬಳಿ ಏನಾದರೂ ಇದೆಯೇ ಎಂದು ವಿಚಾರಿಸಿ ತಿಳಿಸುತ್ತೇನೆ.